ಕೂಗದ ಕುಕ್ಕರಿನ ಪಾಸ್ತಾ

ನನಗೊಂದು ವಿಚಿತ್ರ ಚಟವಿದೆ. ಕುಕ್ಕರು ಎಲ್ಲಿ ಕೂಗಿದರೂ ನಾನು ಎಣಿಸುತ್ತೇನೆ. ಅದು ನಮ್ಮ ಮನೆಯದೇ ಆಗಬೇಕೆಂದಿಲ್ಲ. ಸ್ನೇಹಿತರ ಮನೆಯ ಸೋಫಾದಲ್ಲಿ ಕೂತು ಅವರ ಹೊಸ ಕಾರಿನ ಗುಣಗಾನ ಕೇಳುತ್ತಿರುವಾಗ ಒಳಗೆ ಕುಕ್ಕರು ಕೂಗಿದರೆ ಸಾಕು, ಕಾರು ನನ್ನ ಕಿವಿಯಿಂದ ಜಾರಿ ಹೋಗಿ ‘ಎರಡಾಯಿತು’ ಎಂದು ಮನಸ್ಸು ಲೆಕ್ಕ ಹಿಡಿಯುತ್ತದೆ. ಮೊನ್ನೆ ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ಬೆಂಗಳೂರಿನ ತಂಡದ ಹುಡುಗಿಯೊಬ್ಬಳು ಬಹಳ ಗಂಭೀರವಾಗಿ ಏನೋ ಗ್ರಾಫು ತೋರಿಸುತ್ತಿದ್ದಳು. ಅವಳ ಬೆನ್ನ ಹಿಂದೆ ಎಲ್ಲೋ ಕುಕ್ಕರು ಕೂಗಿತು. ಒಂದು. ಎರಡು. ಮೂರು. ನಾಲ್ಕನೆಯದು ಬಂದಾಗ ನನ್ನಿಂದ ತಡೆಯಲಾಗಲಿಲ್ಲ. ಮ್ಯೂಟ್ ತೆಗೆದು, “ಅನ್ನಾನಾ, ಬೇಳೇನಾ?” ಎಂದು ಕೇಳಿಬಿಟ್ಟೆ. “ಅನ್ನ ಮೇಡಂ... ಅಯ್ಯಯ್ಯೋ!” ಎಂದು ಅವಳು ಗ್ರಾಫನ್ನು ಅಲ್ಲೇ ಬಿಟ್ಟು ಓಡಿದಳು. ಪಾಲೋ ಆಲ್ಟೋದಲ್ಲಿ ಕೂತಿದ್ದ ನಮ್ಮ ಮ್ಯಾನೇಜರು ಅವಳ ಖಾಲಿ ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆ ಅಮೆರಿಕದವನಿಗೆ ನಾನು ಏನೆಂದು ವಿವರಿಸಲಿ? ಸಾವಿರಾರು ಮೈಲಿ ದೂರದಿಂದ ಒಂದು ಪಾತ್ರೆ ಅನ್ನವನ್ನು ಸೀಯದಂತೆ ಕಾಪಾಡಿದ ಹೆಮ್ಮೆಯಲ್ಲಿ ಆ ದಿನವಿಡೀ ಬೀಗಿದೆ.

ಇದು ಮಂಡ್ಯದಲ್ಲಿ ಹತ್ತಿದ ಚಟ. ನಾವಿದ್ದ ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಸಕ್ಕರೆ ಕಾರ್ಖಾನೆಯ ಸೈರನ್ನಿಗೆ ಊರೆಲ್ಲ ಎದ್ದರೆ ನಮ್ಮ ಬೀದಿ ಏಳುತ್ತಿದ್ದುದು ಕುಕ್ಕರಿನ ಕೂಗಿಗೆ. ಅಮ್ಮ ಹಾಲು ತರಲು ಹೊರಟಾಗಲೆಲ್ಲ, “ಮೂರು ಕೂಗಿದ್ ಮೇಲೆ ಆರ್ಸು ಕಣೆ, ಮರೀಬೇಡ” ಎಂದು ಹೇಳಿ ಹೋಗುತ್ತಿದ್ದಳು. ನಾನು ಕಥೆ ಪುಸ್ತಕದಲ್ಲಿ ಮುಳುಗಿರುತ್ತಿದ್ದೆ. ಒಂದು ಕೂಗಿತೋ ಎರಡು ಕೂಗಿತೋ ಗೊತ್ತಾಗದೆ ಗಾಬರಿಯಾದಾಗ ಹಿತ್ತಲಿಗೆ ಓಡಿ, “ಸಾವಿತ್ರಕ್ಕಾ, ನಮ್ ಕುಕ್ಕರ್ ಎಷ್ಟು ಕೂಗ್ತು?” ಎಂದು ಗೋಡೆಯಾಚೆಗೆ ಕಿರುಚುತ್ತಿದ್ದೆ. ಪಕ್ಕದ ಮನೆಯ ಸಾವಿತ್ರಕ್ಕ ಬಟ್ಟೆ ಕುಕ್ಕುತ್ತಲೇ, “ಎರಡಾಗೈತೆ, ಇನ್ನೊಂದಕ್ಕೆ ಕಾಯಿ” ಎನ್ನುತ್ತಿದ್ದರು. ಒಂದು ದಿನವಂತೂ, “ಈಗ ಕೂಗಿದ್ದು ಶಾರದಮ್ಮೋರ ಮನೇದು ಕಣೆ. ನಿಮ್ದು ಇನ್ನೂ ಬಾಯೇ ಬಿಟ್ಟಿಲ್ಲ. ಗ್ಯಾಸ್ ಹಚ್ಚಿದ್ದೀಯೇನೆ, ಹೋಗಿ ನೋಡು” ಎಂದರು. ಹೋಗಿ ನೋಡಿದೆ. ಹಚ್ಚಿರಲಿಲ್ಲ.

ಇಂಥ ನನ್ನ ಅಡುಗೆಮನೆಗೆ, ಕ್ಯಾಲಿಫೋರ್ನಿಯಾದ ಲಿವರ್‌ಮೋರಿನ ಈ ಮನೆಗೆ, ಒಂದು ದಿನ ಕೂಗದ ಕುಕ್ಕರೊಂದು ಬಂದು ಕೂತಿತು. ಅದು ಬಂದ ಕಥೆಗೆ ಮೊದಲು ಡಬ್ಬಿಯ ಕಥೆ ಹೇಳಬೇಕು.

ನಮ್ಮ ಮಗಳು ನಿಧಿಗೆ ಆಗ ಏಳು ವರ್ಷ. ಮನೆಯಲ್ಲಿ ಹೇಗೋ ಉಣ್ಣುವ ಈ ಹುಡುಗಿ ಶಾಲೆಗೆ ಕಳಿಸಿದ ಊಟವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಚಪಾತಿ ಸುರುಳಿ ಹೋದ ಹಾಗೇ ವಾಪಸು. ಇಡ್ಲಿ ಹೋಗಿ ಇಡ್ಲಿಯಾಗಿಯೇ ವಾಪಸು. ಚಿತ್ರಾನ್ನದಿಂದ ಕಡಲೆಬೀಜ ಮಾತ್ರ ಮಾಯವಾಗಿರುತ್ತಿತ್ತು, ಉಳಿದದ್ದು ವಾಪಸು. ಶಾಲೆ ಬಿಟ್ಟು ಅವಳು ಕಾರು ಹತ್ತುತ್ತಿದ್ದಂತೆ ನಾನು ಮೊದಲು ಮಾಡುತ್ತಿದ್ದುದು ಬ್ಯಾಗು ಇಸಿದುಕೊಂಡು ಸ್ಟೀಲಿನ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು. ಉಂಡಿದ್ದರೆ ಒಳಗಿನ ಚಮಚ ಗಲಗಲ ಎನ್ನಬೇಕು. ಪ್ರತಿದಿನವೂ ‘ದಪ್’ ಎಂಬ ಸದ್ದು. ಆ ‘ದಪ್’ ನನ್ನ ಎದೆಯ ಮೇಲೇ ಬೀಳುತ್ತಿತ್ತು. ಬೆಳಗಿನಿಂದ ಮೂರು ಗಂಟೆಯವರೆಗೆ ಮಗು ಬರೀ ಹೊಟ್ಟೆಯಲ್ಲಿ ಓಡಾಡಿದೆ ಎನ್ನುವ ಯೋಚನೆ ಇದೆಯಲ್ಲ, ಅದರ ಮುಂದೆ ಆಫೀಸಿನ ಯಾವ ಡೆಡ್‌ಲೈನೂ ಲೆಕ್ಕಕ್ಕಿಲ್ಲ. ಬೈದೆ, ಮುದ್ದು ಮಾಡಿದೆ, ಆಸೆ ತೋರಿಸಿದೆ. “ಐ ವಾಸ್ ನಾಟ್ ಹಂಗ್ರಿ, ಅಮ್ಮ” ಎಂಬ ಒಂದೇ ಉತ್ತರ.

ಹೀಗಿರುವಾಗ ಒಂದು ಶರತ್ಕಾಲದ ಸಂಜೆ ಗಾಳಿ ಜೋರಾಗಿದೆಯೆಂದು ಕರೆಂಟು ತೆಗೆದರು. ಇಲ್ಲಿ ಹುಲ್ಲು ಒಣಗಿ ಬೆಟ್ಟಗಳೆಲ್ಲ ಹಳದಿಯಾದ ಮೇಲೆ ಗಾಳಿ ಎದ್ದರೆ ಬೆಂಕಿಗೆ ಹೆದರಿ ಹಾಗೆ ಮಾಡುತ್ತಾರೆ. ನಮ್ಮದು ಕರೆಂಟಿನ ಒಲೆ. ಆದ್ದರಿಂದ ಅಡುಗೆಯಿಲ್ಲ, ವೈಫೈ ಇಲ್ಲ, ಮೀಟಿಂಗಿಲ್ಲ. ನನ್ನ ಗಂಡ ಮಹೇಶ ಗ್ಯಾರೇಜಿಗೆ ಹೋಗಿ, ಭೂಕಂಪವಾದರೆ ಇರಲಿ ಎಂದು ನೀರಿನ ಬಾಟಲಿಗಳ ಜೊತೆ ಎಂದೋ ಇಟ್ಟಿದ್ದ ತಗಡಿನ ಡಬ್ಬವೊಂದನ್ನು ಹುಡುಕಿ ತಂದ. ಟೊಮೆಟೊ ಸಾಸಿನಲ್ಲಿ ಮುಳುಗಿದ ಪುಟ್ಟ ಪುಟ್ಟ ಉಂಗುರದಂಥ ಪಾಸ್ತಾ. ಟಾರ್ಚನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಡಬ್ಬ ನಡುವೆ ಇಟ್ಟು, ಮೂರು ಚಮಚ ಹಾಕಿಕೊಂಡು ತಣ್ಣಗಿದ್ದುದನ್ನೇ ತಿಂದೆವು. ಮಹೇಶ ಚಮಚದ ನೆರಳಿನಿಂದ ಗೋಡೆಯ ಮೇಲೆ ಆನೆ ಮಾಡಿದ. ನಿಧಿ ತಳ ಕೆರೆದು ನೆಕ್ಕಿದಳು.

ಮಾರನೆಯ ದಿನದಿಂದ ‘ರಿಂಗ್ಸ್’ ಬೇಕೆಂದು ಪಟ್ಟು ಹಿಡಿದಳು. ಗ್ರೋಸರಿ ಅಂಗಡಿಯಿಂದ ತಂದು ಬಿಸಿ ಮಾಡಿ ಫ್ಲಾಸ್ಕಿನಂಥ ಡಬ್ಬಿಯಲ್ಲಿ ಕಳಿಸಿದೆ. ಮೂರು ಗಂಟೆಗೆ ಅಲ್ಲಾಡಿಸಿದರೆ, ಗಲಗಲ! ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ನನಗೆ ಹುಟ್ಟಿದ್ದು ಸವತಿ ಮತ್ಸರ. ನನ್ನ ಕೈಯಡುಗೆಯನ್ನು ಒಂದು ತಿಂಗಳಿಂದ ಒಲ್ಲೆನೆಂದ ಮಗಳು, ಯಾವುದೋ ಕಾರ್ಖಾನೆಯಲ್ಲಿ ಯಾವುದೋ ಯಂತ್ರ ತುಂಬಿಸಿದ ತಗಡಿನ ಡಬ್ಬಕ್ಕೆ ಒಲಿದುಬಿಟ್ಟಳಲ್ಲ! ಕೂತು ಲೇಬಲ್ಲು ಓದಿದೆ. ಉಪ್ಪು, ಸಕ್ಕರೆ, ಹೆಸರು ಉಚ್ಚರಿಸಲು ಬಾರದ ನಾಲ್ಕಾರು ವಸ್ತುಗಳು. ಸರಿ, ಇದನ್ನು ನಾನೇ ಮಾಡುತ್ತೇನೆ ಎಂದು ನಿರ್ಧರಿಸಿದೆ.

ಅಷ್ಟರಲ್ಲಿ ನಮ್ಮತ್ತೆ ಬಂದರು. ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿಳಿದ ಜಯಮ್ಮನವರ ಎರಡು ಸೂಟ್‌ಕೇಸಿನಲ್ಲಿ ಸೀರೆ ಕಾಲು ಭಾಗ, ಉಳಿದ ಮುಕ್ಕಾಲು ಭಾಗ ರಾಗಿಹಿಟ್ಟು, ಸಾರಿನ ಪುಡಿ, ನಿಂಬೆ ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು. ಬಂದ ಮಾರನೆಯ ಬೆಳಿಗ್ಗೆಯೇ ನಾನು ಮೊಮ್ಮಗಳ ಊಟಕ್ಕೆ ತಗಡಿನ ಡಬ್ಬ ಒಡೆಯುವುದನ್ನು ನೋಡಿದರು.

“ಇದ್ಯಾವಾಗ ಮಾಡಿದ್ದವ್ವ?”

“ಗೊತ್ತಿಲ್ಲ ಅತ್ತೆ. ಇನ್ನೂ ಎರಡು ವರ್ಷ ಇಡಬಹುದು ಅಂತ ಬರೆದಿದ್ದಾರೆ.”

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. “ನಿನ್ನೆ ರಾತ್ರಿ ಸಾರು ಮಿಕ್ಕಿದ್ರೆ ಬೆಳಿಗ್ಗೆ ಮಗೀಗೆ ಕೊಡಾಕೆ ಯೋಚ್ನೆ ಮಾಡ್ತೀವಿ. ಇದು ಎರಡು ವರ್ಷದ್ ತಂಗಳು! ಅದ್ಯಾರ್ ಬೇಯ್ಸಿದ್ರೋ, ಅವ್ರು ಬದುಕವ್ರೋ ಇಲ್ವೋ!”

“ಅಜ್ಜಿ, ಇಟ್ಸ್ ಯಮ್ಮಿ” ಎಂದಳು ನಿಧಿ. ಅಜ್ಜಿಯ ಮಾತೆಲ್ಲ ಅವಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿಗೂ ಅದೆಲ್ಲ ಹೇಗೋ ತಿಳಿಯುತ್ತಿತ್ತು. ಭಾಷೆ ಬೇರೆಯೆಂದು ಇಬ್ಬರ ಜಗಳ ಒಮ್ಮೆಯೂ ನಿಂತದ್ದಿಲ್ಲ.

ಹಾಗಾದರೆ ದಿನಾ ಬೆಳಿಗ್ಗೆ ತಾಜಾ ಸಾಸು ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಬೆಂಗಳೂರಿನ ತಂಡದ ಜೊತೆ ನನ್ನ ಮೀಟಿಂಗುಗಳು ಶುರುವಾಗುವುದೇ ಬೆಳಿಗ್ಗೆ ಏಳಕ್ಕೆ. ಫ್ರೀಜರಿನಲ್ಲಿ ಇಡಬಹುದಲ್ಲ ಎನ್ನುತ್ತೀರಿ. ನಮ್ಮಂಥವರ ಮನೆಯ ಫ್ರೀಜರು ನೀವು ನೋಡಿಲ್ಲ. ತುರಿದ ತೆಂಗಿನಕಾಯಿ, ಹಿತಕಿದ ಅವರೆಬೇಳೆ, ನುಗ್ಗೆಕಾಯಿ, ಹೋದ ವರ್ಷದ ಕರಿಬೇವು. ಅದರೊಳಗೆ ಒಂದು ಐಸ್‌ಕ್ರೀಮು ಇಡಬೇಕಾದರೂ ಯಾವುದಾದರೂ ಅವರೆಕಾಳು ಜಾಗ ಬಿಟ್ಟುಕೊಡಬೇಕು.

ದಾರಿ ತೋರಿಸಿದವರು ಪಕ್ಕದ ಮನೆಯ ರೂತ್. ನಿವೃತ್ತ ಟೀಚರು. ಹಿತ್ತಲಿನ ಏಪ್ರಿಕಾಟ್ ಹಣ್ಣನ್ನು ಪ್ರತಿ ಬೇಸಿಗೆಯಲ್ಲಿ ಗಾಜಿನ ಜಾಡಿಗಳಿಗೆ ತುಂಬಿ ವರ್ಷವಿಡೀ ಇಟ್ಟುಕೊಳ್ಳುವವರು. “ನನಗೂ ಕಲಿಸಿ, ಟೊಮೆಟೊದ್ದು ಏನೋ ಮಾಡಬೇಕು” ಎಂದಾಗ, ಅವರು ಖುಷಿಯಿಂದ ತಮ್ಮ ದೊಡ್ಡ ಕ್ಯಾನರನ್ನು ನನ್ನ ಕೈಗೆ ಹೊರಿಸಿದರು. ಅದು ನೋಡಲು ನಮ್ಮ ಕುಕ್ಕರಿನ ದೊಡ್ಡಪ್ಪನ ಹಾಗಿತ್ತು. ಜಾಡಿಗಳನ್ನು ತುಂಬಿ, ಮುಚ್ಚಳ ಹಾಕಿ, ಇದರೊಳಗೆ ಒತ್ತಡದ ಹಬೆಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ಮೇಲೆ ಗಡಿಯಾರದಂಥ ಒಂದು ಮುಳ್ಳು. ಜೊತೆಗೆ ಒಂದು ಕೈಪಿಡಿ. ಮೆಡಿಕಲ್ ಸಾಮಾನು ಮಾಡುವ ಕಂಪನಿಯಲ್ಲಿ ಗುಣಮಟ್ಟ ಪರೀಕ್ಷಿಸುವ ಇಂಜಿನಿಯರು ನಾನು. ಜನ ಕೈಪಿಡಿ ಓದುವುದಿಲ್ಲ ಎಂದು ವಾರಕ್ಕೊಮ್ಮೆಯಾದರೂ ಆಫೀಸಿನಲ್ಲಿ ಭಾಷಣ ಬಿಗಿಯುತ್ತೇನೆ. ಆದರೆ ಕುಕ್ಕರಿನ ಕೈಪಿಡಿಯನ್ನು ಓದುವುದೇ? ಮಂಡ್ಯದ ಹೆಣ್ಣುಮಗಳು?

ಶನಿವಾರ ಮಧ್ಯಾಹ್ನ ಸಾಸು ಕುದಿಸಿ, ಉಂಗುರ ಪಾಸ್ತಾ ಬೇಯಿಸಿ ಬೆರೆಸಿ, ಜಾಡಿಗಳಿಗೆ ತುಂಬಿ, ಕ್ಯಾನರಿನೊಳಗೆ ಕೂರಿಸಿ ಒಲೆ ಹಚ್ಚಿದೆ.

“ಎಷ್ಟು ಕೂಗಿಗೆ ಆರ್ಸೋದು?” ಎಂದರು ಅತ್ತೆ.

“ಮೂರು ಸಾಕೇನೋ.”

“ಇಷ್ಟು ದೊಡ್ಡದಕ್ಕೆ ಮೂರು ಎಲ್ಲಿ ಸಾಕಾಯ್ತದೆ? ಆರು ಇರ್ಲಿ.”

ಆರು ಎಂದು ತೀರ್ಮಾನವಾಯಿತು. ಒಲೆಗೆ ಮುಖ ಮಾಡಿ ಮೂರು ಕುರ್ಚಿ ಹಾಕಿಕೊಂಡು ನಾನು, ಅತ್ತೆ, ನಿಧಿ ಕೂತೆವು. ಕ್ಯಾನರು ಮೊದಲು ಬುಸ್ ಎಂದಿತು. ಆಮೇಲೆ ಮುಳ್ಳು ಮೇಲೇರಿ ಒಂದು ಕಡೆ ನಿಂತಿತು. ಆಮೇಲೆ ಏನೂ ಇಲ್ಲ. ಅರ್ಧ ಗಂಟೆ ಹೋಯಿತು. ಒಂದು ಗಂಟೆ ಹೋಯಿತು. ಅತ್ತೆ ಅವರೆಕಾಯಿ ಸುಲಿದು ಮುಗಿಸಿದರು. ಮುಳ್ಳು ಸರಿಯಾದ ಜಾಗದಲ್ಲೇ ಇದೆ ಎಂದು ನನ್ನೊಳಗಿನ ಇಂಜಿನಿಯರು ಹೇಳುತ್ತಿದ್ದಳು. ಕೂಗದೆ ಬೆಂದಿದೆ ಎಂದು ನಂಬುವುದು ಹೇಗೆ ಎಂದು ಸಾವಿತ್ರಕ್ಕನ ಶಿಷ್ಯೆ ಕೇಳುತ್ತಿದ್ದಳು. ಗೆದ್ದವಳು ಶಿಷ್ಯೆಯೇ.

“ಕೂಗ್ದೆ ಇರೋ ಕುಕ್ಕರ್ನ ನಂಬ್ಬಾರ್ದು ಕಣವ್ವ” ಎಂದು ಅತ್ತೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ನಾನೂ ಸರಿಸಿದೆ. ಮಹೇಶ ಒಮ್ಮೆ ಇಣುಕಿ, “ಯಾವ ಪಿಕ್ಚರು?” ಎಂದು ಕೇಳಿ ಹೋದ.

ಆಗ ಹಿತ್ತಲ ಬಾಗಿಲು ತಟ್ಟಿ ರೂತ್ ಬಂದರು. ಕಿಟಕಿಗೆಲ್ಲ ಹಬೆ ಕಟ್ಟಿದ್ದು ಕಂಡು ಹೇಗಾಯಿತೆಂದು ನೋಡಲು ಬಂದಿದ್ದರಂತೆ. ಒಲೆಯ ಮುಂದೆ ಮೌನವಾಗಿ ಕೂತ ಮೂರು ತಲೆಮಾರನ್ನು ನೋಡಿ, ಏನಾದರೂ ಕೆಟ್ಟ ಸುದ್ದಿಯೇ ಎಂದು ಮೆಲ್ಲಗೆ ಕೇಳಿದರು.

“ಇಲ್ಲ, ಅದು ಕೂಗಲಿ ಅಂತ ಕಾಯುತ್ತಿದ್ದೇವೆ” ಎಂದೆ.

“ಯಾವುದು ಕೂಗಲಿ ಅಂತ?”

ಕ್ಯಾನರು ಕೂಗುವುದಿಲ್ಲ. ಅದಕ್ಕೆ ಕೂಗಲು ಬಾಯೇ ಇಲ್ಲ. ಮುಳ್ಳು ನೋಡಿ, ಗಡಿಯಾರ ನೋಡಿ ಇಳಿಸಬೇಕು. ರೂತ್ ಮೊದಲು ಒಲೆ ಆರಿಸಿದರು. ಆಮೇಲೆ ಕುರ್ಚಿಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿದ ಮೇಲೆ, ಒಳಗೆ ಏನು ತುಂಬಿದ್ದೀ ಎಂದು ಕೇಳಿದರು. ಪಾಸ್ತಾ ಎಂದೆ. ಅವರ ನಗು ನಿಂತಿತು. ಮನೆಯಲ್ಲಿ ಪಾಸ್ತಾವನ್ನು ಹೀಗೆ ಜಾಡಿಗೆ ತುಂಬಲೇಬಾರದು. ಅದು ಗಟ್ಟಿಯಾಗಿ ಕೂತುಬಿಟ್ಟರೆ ನಡುವಿಗೆ ಶಾಖ ಹೋಗುವುದಿಲ್ಲ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ವಿಷ ಬೆಳೆಯಬಹುದು. ಕಾರ್ಖಾನೆಯವರ ಯಂತ್ರವೇ ಬೇರೆ. ಇದನ್ನು ಯಾರೂ ಬಾಯಿಗಿಡಬೇಡಿ ಎಂದು ಅವರು ಟೀಚರ ದನಿಯಲ್ಲಿ ಹೇಳಿದರು. ಕೈಪಿಡಿಯಲ್ಲೂ ಇದೆ ಎಂದರು. ನಾನು ಕೈಪಿಡಿಯ ಕಡೆಗೆ ನೋಡಲಿಲ್ಲ.

ತಣ್ಣಗಾದ ಮೇಲೆ ಎಸೆಯಲೆಂದು ಒಂದು ಜಾಡಿಯನ್ನು ಬೋರಲು ಹಾಕಿದೆವು. ಮೊದಲು ಏನೂ ಬೀಳಲಿಲ್ಲ. ಅತ್ತೆ ಬುಡಕ್ಕೆ ಎರಡು ಪೆಟ್ಟು ಕೊಟ್ಟರು. ಪಸಕ್ ಎಂದು ಜಾಡಿಯ ಆಕಾರದಲ್ಲೇ ಒಂದು ಕೆಂಪು ಮುದ್ದೆ ಹೊರಬಂದು ತಟ್ಟೆಯ ಮೇಲೆ ಅಲುಗದೆ ನಿಂತಿತು. ಎಲ್ಲೂ ಗಂಟಿಲ್ಲ, ಬಿರುಕಿಲ್ಲ. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಮದ್ವೆಯಾಗಿ ಹನ್ನೊಂದು ವರ್ಷಕ್ಕೆ ಮುದ್ದೆ ಕಟ್ಟೋದ್ ಕಲ್ತೆ ನೋಡವ್ವ!”

ಮಹೇಶ ಗೋಡೆ ಹಿಡಿದುಕೊಂಡು ನಕ್ಕ. ನಿಧಿ ಅದಕ್ಕೆ ಎರಡು ಕಣ್ಣು ಅಂಟಿಸಲು ಬಟಾಣಿ ಹುಡುಕುತ್ತಿದ್ದಳು. ನಾನೂ ನಕ್ಕೆ, ನಗುತ್ತ ನಗುತ್ತ ಅಳುವೂ ಬಂತು. ಸೋಮವಾರ ಮತ್ತೆ ತಗಡಿನ ಡಬ್ಬವನ್ನೇ ಒಡೆದೆ. ಮತ್ತೆ ಗಲಗಲ. ಆ ಗಲಗಲ ನನ್ನನ್ನು ಅಣಕಿಸಿದ ಹಾಗಿತ್ತು.

ಮುಂದಿನ ಶನಿವಾರ ಅತ್ತೆಯನ್ನು ಇಲ್ಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು. ದರ್ಶನ ಮುಗಿಸಿ, ಪುಳಿಯೋಗರೆ ಪ್ರಸಾದದ ದೊನ್ನೆ ಹಿಡಿದು, ದ್ರಾಕ್ಷಿ ತೋಟಗಳು ಕಾಣುವ ಕಡೆ ಮೆಟ್ಟಿಲ ಮೇಲೆ ಕೂತೆವು. ಅತ್ತೆಗೆ ದೇವರ ವಿಷಯದಲ್ಲಿ ತಕರಾರಿಲ್ಲ, ಪುಳಿಯೋಗರೆಯ ವಿಷಯದಲ್ಲಿ ಬಹಳ ಇದೆ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಪರೀಕ್ಷೆ ಮಾಡಿದರು.

“ಗೊಜ್ಜು ಹಳೇದು, ಅನ್ನ ಈಗಿಂದು. ಅದ್ಕೇ ಹಿಂಗೈತೆ, ಚೆಂದಾಗಿ. ನಮ್ಮ ಎದುರ್ ಮನೆಯೋಳು ಗೊಜ್ಜಿಗೆ ಅನ್ನ ಕಲ್ಸಿ ಬಸ್ಸಲ್ಲಿ ಮಗನ್ ಮನೆಗೆ ಕಳ್ಸಿದ್ಲು, ಅದು ಹೋಗೋದ್ರೊಳಗೆ ಹಳ್ಸಿತ್ತು. ಅನ್ನ ಯಾರಾದ್ರೂ ಕಟ್ಟಿ ಇಡ್ತಾರಾ? ಗೊಜ್ಜು ಇಡ್ಬೇಕು. ಅನ್ನ ಆವತ್ತಾವತ್ತಿಂದು ಆಗ್ಬೇಕು.”

ಅವರು ಹೇಳುತ್ತಿದ್ದುದು ಎದುರು ಮನೆಯವಳನ್ನು ಆಡಿಕೊಳ್ಳಲು. ನಾನು ದೊನ್ನೆ ಹಿಡಿದುಕೊಂಡೇ ಎದ್ದು ನಿಂತೆ. ಸಾಸು ಎಂದರೆ ಗೊಜ್ಜು! ಪಾಸ್ತಾ ಎಂದರೆ ಅನ್ನ! ಪುಳಿಯೋಗರೆ ತಿಂದು ಬೆಳೆದ ನಾನು ಕಲಸಿದ ಅನ್ನವನ್ನು ಜಾಡಿಗೆ ತುಂಬಿ ಹಬೆಯಲ್ಲಿ ಕೂರಿಸಿದ್ದೆನಲ್ಲ! “ಅತ್ತೇ!” ಎಂದು ಕೂಗಿ ಅವರನ್ನು ತಬ್ಬಿಕೊಂಡೆ. ದೊನ್ನೆಯಲ್ಲಿದ್ದುದು ಅವರ ರೇಷ್ಮೆ ಸೀರೆಯ ಮೇಲೆ ಬಿತ್ತು. ಮೆಟ್ಟಿಲಿನಲ್ಲಿದ್ದ ಭಕ್ತರೆಲ್ಲ ತಿರುಗಿ ನೋಡಿದರು. “ಏನಾಯ್ತೋ ಇವ್ಳಿಗೆ?” ಎಂದು ಅತ್ತೆ ಮಗನನ್ನು ಕೇಳಿದರು.

ಈ ಸಲ ಕೈಪಿಡಿ ಓದಿದೆ. ಅದರಲ್ಲಿ ಹೇಳಿದ ಟೊಮೆಟೊ ಸಾಸನ್ನೇ, ಹೇಳಿದಷ್ಟೇ ನಿಂಬೆರಸ ಹಾಕಿ ಮಾಡಿದೆ. ರೂತ್ ಪಕ್ಕದಲ್ಲಿ ನಿಂತಿದ್ದರು. ಅತ್ತೆ ಇಂಗು ಹಾಕೋಣವೆಂದರು, ನಾನು ಒಪ್ಪಲಿಲ್ಲ. ಒಗ್ಗರಣೆ ಎಂದರು. ರೂತ್ ಗಾಬರಿಯಿಂದ ತಲೆಯಾಡಿಸಿ, ಜಾಡಿಯ ಬಾಯಂಚಿಗೆ ಒಂದು ತೊಟ್ಟು ಎಣ್ಣೆ ತಾಕಿದರೂ ಮುಚ್ಚಳ ಕಚ್ಚಿ ಕೂರುವುದಿಲ್ಲ, ಒಂದೊಂದರ ಅಂಚನ್ನೂ ಒರೆಸಲೇಬೇಕು ಎಂದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. “ಒಂದ್ ತೊಟ್ಟಿಗೇ ಕೂರಲ್ವಂತಾ?” ಎಂದು ಅವರು ಎರಡು ಸಲ ಕೇಳಿ ತಿಳಿದುಕೊಂಡರು. ಕೊನೆಗೆ ಒಂದು ಚೂರು ಬೆಲ್ಲಕ್ಕೆ ಮಾತ್ರ ಅಪ್ಪಣೆ ಸಿಕ್ಕಿತು. ಆ ಬೆಲ್ಲ ಬಿದ್ದ ಮೇಲೆ ರುಚಿ ನೋಡಿದರೆ, ನನ್ನ ಸವತಿಯ ರುಚಿ ಅಚ್ಚುಕಟ್ಟಾಗಿ ಬಂದಿತ್ತು.

ಗಡಿಯಾರ ನೋಡಿ ಒಲೆ ಆರಿಸಿ, ಹಬೆ ಇಳಿದ ಮೇಲೆ ಜಾಡಿಗಳನ್ನು ಹೊರತೆಗೆದು ಟವೆಲಿನ ಮೇಲೆ ಸಾಲಾಗಿ ಇಟ್ಟೆವು. ಸ್ವಲ್ಪ ಹೊತ್ತಾಯಿತು. ‘ಟಿಂಗ್!’

ಅತ್ತೆ ಬೆಚ್ಚಿದರು. ಇನ್ನೊಂದು ‘ಟಿಂಗ್!’ ಜಾಡಿ ತಣಿಯುವಾಗ ಮುಚ್ಚಳ ಒಳಕ್ಕೆ ಸೆಳೆದುಕೊಂಡು ಕಚ್ಚಿ ಕೂರುವ ಸದ್ದು ಅದು, ಹಾಗೆ ಸದ್ದಾದರೆ ಭದ್ರವಾಯಿತು ಎಂದರ್ಥ ಎಂದರು ರೂತ್. ಅತ್ತೆಯ ಮುಖ ಅರಳಿಬಿಟ್ಟಿತು.

“ನೋಡ್ದೇನವ್ವಾ! ಒಲೆ ಮ್ಯಾಲೆ ಕೂಗ್ದೆ ಇದ್ದಿದ್ದು ಕೆಳಗೆ ಇಳ್ಸುದ್ ಮ್ಯಾಲೆ ಕೂಗ್ತಾ ಐತೆ!”

ಮತ್ತೆ ಕುರ್ಚಿಗಳು ಬಂದವು. ಈ ಸಲ ರೂತಿಗೂ ಒಂದು. ನಿಧಿ ಬೆರಳು ಮಡಚಿ ಎಣಿಸಿದಳು, ಅಜ್ಜಿ ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ. ಎಲ್ಲ ಜಾಡಿಗಳೂ ಕೂಗಿದವು, ತುದಿಯಲ್ಲಿದ್ದ ಒಂದನ್ನು ಬಿಟ್ಟು. ಅದು ಎಷ್ಟು ಕಾದರೂ ಬಾಯಿ ಬಿಡಲಿಲ್ಲ. ಕೂಗದ ಜಾಡಿಯನ್ನು ಕಪಾಟಿನಲ್ಲಿ ಇಡುವ ಹಾಗಿಲ್ಲ, ಇವತ್ತೇ ತಿಂದು ಮುಗಿಸಬೇಕು ಎಂದರು ರೂತ್.

ನಮ್ಮ ಮನೆಯಲ್ಲಿ ರಾತ್ರಿ ಊಟ ಎಂದರೆ ಸರದಿಯ ಮೇಲೆ. ನಿಧಿಗೆ ಮೊದಲು, ಮಹೇಶನಿಗೆ ಲ್ಯಾಪ್‌ಟಾಪಿನ ಪಕ್ಕ, ನನಗೆ ನಿಂತಲ್ಲೇ. ಆವತ್ತು ಬಿಸಿ ಬಿಸಿ ಪಾಸ್ತಾ ಬಸಿದು, ಕೂಗದ ಜಾಡಿಯ ಸಾಸು ಸುರಿದು, ಕಾಯಿಸಿದ ಬಾಣಲೆಯನ್ನೇ ಮೇಜಿನ ನಡುವೆ ಇಟ್ಟಾಗ ಎಲ್ಲರೂ ಒಟ್ಟಿಗೆ ಕೂತರು. ಹಂಚಿಕೊಂಡು ಖಾಲಿ ಮಾಡಬೇಕಿತ್ತಲ್ಲ. ಅತ್ತೆ ಪಾಸ್ತಾಕ್ಕೆ ನಿಂಬೆ ಉಪ್ಪಿನಕಾಯಿ ನಂಚಿಕೊಂಡರು. ಮಹೇಶ ಮತ್ತೆ ಚಮಚದ ನೆರಳಿನಿಂದ ಗೋಡೆಯ ಮೇಲೆ ಆನೆ ಮಾಡಿದ.

ಸೋಮವಾರ ಬೆಳಿಗ್ಗೆ ನಾನು ಮೀಟಿಂಗಿನಲ್ಲಿರುವಾಗ ಅತ್ತೆ ಪಾಸ್ತಾ ಬೇಯಿಸಿದರು, ನಡುವೆ ಎದ್ದು ಬಂದು ನಾನು ಒಂದು ಜಾಡಿ ತೆರೆದು ಕುದಿಸಿ ಬೆರೆಸಿ ಡಬ್ಬಿಗೆ ತುಂಬಿದೆ. ಮೂರು ಗಂಟೆಗೆ ಶಾಲೆಯ ಮುಂದೆ ಕಾರಿನಲ್ಲಿ ಕೂತಾಗ ನನಗೆ ಪರೀಕ್ಷೆಯ ಫಲಿತಾಂಶದ ದಿನದ ಎದೆಬಡಿತ. ನಿಧಿ ಹತ್ತಿದಳು. ಡಬ್ಬಿ ಇಸಿದುಕೊಂಡು, ಕಣ್ಣು ಮುಚ್ಚಿ, ಅಲ್ಲಾಡಿಸಿದೆ. ಗಲಗಲಗಲ! ಹಿಂದಿನ ಕಾರಿನವನು ಹಾರ್ನ್ ಹೊಡೆಯುವ ತನಕ ಅಲ್ಲಾಡಿಸುತ್ತಲೇ ಇದ್ದೆ. “ಅಮ್ಮ, ಸ್ಟಾಪ್, ಪೀಪಲ್ ಆರ್ ಲುಕಿಂಗ್!” ಎಂದಳು ಮಗಳು. ನೋಡಲಿ ಬಿಡಿ!

ಅಲ್ಲಿಂದ ಎರಡು ಮೂರು ವಾರಕ್ಕೊಮ್ಮೆ ನಮ್ಮಲ್ಲಿ ಜಾಡಿ ತುಂಬುವ ಶನಿವಾರ. ಪ್ರತಿ ಸಲವೂ ಒಂದು ಜಾಡಿ ಕೂಗುತ್ತಿರಲಿಲ್ಲ. ಒಂದೇ ಒಂದು. ಅದನ್ನು ಅವತ್ತೇ ಎಲ್ಲರೂ ಕೂತು ತಿನ್ನುತ್ತಿದ್ದೆವು. ನಿಧಿ ಈಗ ಕೂಗುವ ಜಾಡಿಗಳಿಗಲ್ಲ, ಕೂಗದ ಆ ಒಂದು ಜಾಡಿಗೇ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಆದರೆ ನಾನು ಗುಣಮಟ್ಟದವಳಲ್ಲವೇ? ನನಗೆ ನಿದ್ದೆ ಬರದು. ಮುಚ್ಚಳದ ಬ್ರ್ಯಾಂಡು ಬದಲಿಸಿದೆ. ಜಾಡಿಗಳ ಜಾಗ ಅದಲು ಬದಲು ಮಾಡಿದೆ. ಸಾಸಿನ ಮೇಲೆ ಖಾಲಿ ಬಿಡುವ ಜಾಗವನ್ನು ಸ್ಕೇಲು ಹಿಡಿದು ಅಳೆದೆ. ಅಂಚನ್ನು ಎರಡು ಸಲ ಒರೆಸಿದೆ. ಆದರೂ ಒಂದು ಕೂಗದು. “ದೃಷ್ಟಿ ಇರ್ಬೇಕು ಬಿಡವ್ವ” ಎನ್ನುತ್ತಿದ್ದರು ಅತ್ತೆ, ಬಹಳ ಗಂಭೀರವಾಗಿ.

ಅವರು ಹೊರಡುವ ಮುಂಚಿನ ಶನಿವಾರ ಅಂಚುಗಳನ್ನು ಒರೆಸಿಟ್ಟು, ರೂತ್ ಕರೆದರೆಂದು ಅವರ ಹಿತ್ತಲಿಗೆ ಹೋದವಳು ಫೋನು ಮರೆತು ವಾಪಸು ಬಂದೆ. ಅತ್ತೆ ನನಗೆ ಬೆನ್ನು ಮಾಡಿ ನಿಂತಿದ್ದರು. ತೋರು ಬೆರಳನ್ನು ಎಣ್ಣೆಯ ಬಟ್ಟಲಿಗೆ ಅದ್ದಿ, ತುದಿಯ ಜಾಡಿಯ ಬಾಯಂಚಿಗೆ, ಮಗುವಿನ ನೆತ್ತಿಗೆ ಎಣ್ಣೆ ಸವರುವಷ್ಟು ಹಗುರವಾಗಿ ಸುತ್ತಲೂ ಸವರಿದರು. ಆಮೇಲೆ ಮುಚ್ಚಳ ಹಾಕಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರು.

“ಅತ್ತೆ!”

ಅವರು ತಿರುಗಿದರು. ಕಳ್ಳತನ ಸಿಕ್ಕಿಬಿದ್ದವರ ಮುಖವಲ್ಲ ಅದು.

“ಎಲ್ಲಾನೂ ಮುಚ್ಕಂಡು ಕೂತ್ಕಂಡ್ರೆ ಇವತ್ತು ಉಣ್ಣೋಕೆ ಏನವ್ವ ಇರ್ತದೆ? ನಾಳೆ ಡಬ್ಬಿಗೆ, ನಾಡಿದ್ದು ಡಬ್ಬಿಗೆ ಅಂತ ಎಲ್ಲಾನೂ ಎತ್ತಿಟ್ರೆ, ಮಗು ನಿಮ್ ಜೊತೆ ಕೂತ್ಕಂಡು ಉಣ್ಣೋದು ಯಾವಾಗ? ಕೆಡ್ತದೆ ಅಂದ್ರೆ ಎಲ್ರೂ ಬಂದು ಕೂತ್ಕತೀರ. ಇಲ್ದಿದ್ರೆ ಮಹೇಶ ಒಂದ್ ಕಡೆ, ನೀನೊಂದ್ ಕಡೆ.”

ನಾನು ಫೋನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಏಪ್ರಿಕಾಟ್ ಮರದ ಕೆಳಗೆ ನಿಂತು ಮೂಗು ಒರೆಸಿಕೊಂಡೆ. 

ಅತ್ತೆ ಮಂಡ್ಯಕ್ಕೆ ಹೋದರು. ಅಲ್ಲಿ ದೊಡ್ಡ ಮಗನ ಮನೆ ತುಂಬ ಮೊಮ್ಮಕ್ಕಳು, ಅವರಿಗೆ ಕೈ ತುಂಬ ಕೆಲಸ. ಅವರಿಲ್ಲದ ಮೊದಲ ಜಾಡಿಯ ಶನಿವಾರ ನಾನೊಬ್ಬಳೇ ಸಾಸು ಕುದಿಸಿದೆ, ತುಂಬಿಸಿದೆ, ಅಂಚುಗಳನ್ನು ಒರೆಸುತ್ತ ಬಂದೆ. ತುದಿಯ ಜಾಡಿಗೆ ಬಂದಾಗ ಕೈ ನಿಂತಿತು. ಹನ್ನೊಂದು ವರ್ಷ ದೋಷವಿಲ್ಲದ ಸಾಮಾನಿಗೆ ಸಹಿ ಹಾಕಿದ ಇಂಜಿನಿಯರು ನಾನು. ಆಚೆ ಈಚೆ ನೋಡಿದೆ. ಎಣ್ಣೆಗೆ ಬೆರಳು ಅದ್ದಿದೆ.

ಸಂಜೆ ಜಾಡಿಗಳು ಒಂದೊಂದಾಗಿ ಕೂಗತೊಡಗಿದವು. ನಿಧಿ ಎರಡು ಕುರ್ಚಿ ಹಾಕಿ, ಒಂದರಲ್ಲಿ ತಾನು ಕೂತು, ಇನ್ನೊಂದರಲ್ಲಿ ಅಜ್ಜಿಯ ವಿಡಿಯೋ ಕಾಲ್ ಇದ್ದ ಫೋನನ್ನು ಆನಿಸಿ ಇಟ್ಟಿದ್ದಳು. ಅತ್ತೆ ಅಲ್ಲಿ ಬೆಳಗಿನ ಕಾಫಿ ಹಿಡಿದು ಕೂತಿದ್ದರು. ಟಿಂಗ್. ಟಿಂಗ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಿಧಿ ತುದಿಯ ಜಾಡಿಯ ಮೇಲೆ ಮೂಗು ತಾಗುವಷ್ಟು ಬಗ್ಗಿ ಕಾದಳು, ಮತ್ತೆ ಕಾದಳು. ಆಮೇಲೆ ಕುರ್ಚಿಯಿಂದ ಹಾರಿ ಮಹೇಶನ ರೂಮಿನ ಕಡೆ ಓಡಿದಳು.

“ಅಪ್ಪಾ! ಅಪ್ಪಾ, ಬಾ! ಒಂದು ಕೂಗ್ಲಿಲ್ಲ!”

ಅಚ್ಚ ಮಂಡ್ಯದ ಕನ್ನಡದಲ್ಲಿ.

ನಾನು ಆ ಜಾಡಿಯ ಮುಚ್ಚಳವನ್ನು ಬೆರಳಿನಿಂದ ಒತ್ತಿ ನೋಡಿ, “ಅಯ್ಯೋ, ಹೌದಲ್ಲ!” ಎಂದೆ.

ಅತ್ತೆ ಫೋನಿನೊಳಗಿನಿಂದ ನನ್ನನ್ನು ನೋಡಿದರು. ನನ್ನ ತೋರು ಬೆರಳನ್ನೂ ನೋಡಿದರೇನೋ. ಒಂದು ಗುಟುಕು ಕಾಫಿ ಕುಡಿದರು.

“ದೃಷ್ಟಿ ಇರ್ಬೇಕು ಬಿಡವ್ವ” ಎಂದರು. “ಹೋಗಿ ಎಲ್ರೂ ಕೂತ್ಕಂಡು ಉಣ್ಣಿ, ಆರೋಯ್ತದೆ.”